ತಂಪು ಐತಿ, ಹಸಿ ಇಲ್ಲ

ಅಪ್ಪನ ಅಕ್ಕ ನೀಲವ್ವ ಅತ್ತೆಗೆ ಮಣ್ಣು ಕೊಟ್ಟು ಬಂದ ದಿನವೇ ನೆಲಮನೆಗೂ ಮಣ್ಣು ಹಾಕುವ ಮಾತು ಬಂತು. ಹೊಲದಿಂದ ತಿರುಗಿ ಬಂದವರು ಇನ್ನೂ ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದರು. ನನ್ನ ತಮ್ಮ ಈರಣ್ಣ ನಡುಮನೆಯ ಮೂಲೆಗೆ ಹೋಗಿ, ಅಲ್ಲಿ ನೆಲಕ್ಕೆ ಸಮನಾಗಿ ಕೂತಿದ್ದ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದ. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಹೇಳಿದ:

"ಇನ್ನ ಇದನ್ನ ತುಂಬಿಸಿಬಿಡೂನು. ಮ್ಯಾಲ ಟೈಲ್ಸ್ ಹಾಕಿದ್ರ ಮನಿ ಒಂದ ಲೆವೆಲ್ಲಿಗೆ ಬರ್ತೈತಿ."

ನನಗೆ ಮಾತು ನಿಧಾನ. ಏಳನೆಯ ಇಯತ್ತೆ ಮುಗಿಸಿ ಸಾಲಿ ಬಿಟ್ಟವಳು, ಸವದತ್ತಿಗೆ ಸೊಸೆಯಾಗಿ ಹೋದವಳು, ಮಂದಿ ಕೂತಲ್ಲಿ ಎದ್ದು ನಿಂತು ಮಾತಾಡಿದ ರೂಢಿ ಇಲ್ಲ. ಆದರೆ ಆ ಹಲಗೆಯ ಮೇಲೆ ಅವನ ಕಾಲು ಕಂಡಾಗ ನನ್ನ ಎದೆಯಲ್ಲಿ ದುಃಖದ ಜೊತೆಗೆ ಇನ್ನೊಂದು ಎದ್ದು ಕೂತಿತು. ಅದಕ್ಕೆ ಸಿಟ್ಟು ಎನ್ನಬೇಕೋ ಹಟ ಎನ್ನಬೇಕೋ ತಿಳಿಯದು. ಆ ಹಲಗೆಯ ಕೆಳಗೆ ಏನಿತ್ತು, ಅದನ್ನು ನೀರಿನಿಂದ ಉಳಿಸಿಕೊಳ್ಳಲು ನೀಲವ್ವ ಅತ್ತೆ ಯಾರ್ಯಾರ ಎದುರು ನಿಂತಿದ್ದಳು ಎಂಬುದನ್ನು ಬರೆಯದೆ ಹೋದರೆ, ನಾನು ಆ ಮನೆಯಲ್ಲಿ ಬೆಳೆದದ್ದು ಸುಳ್ಳಾಗುತ್ತದೆ.

ದೊಡವಾಡದ ನಮ್ಮ ಮನೆ ಮಣ್ಣಿನ ಮಾಳಿಗೆಯ ಮನೆ; ಬೀದಿ ಅದರ ಮುಂದೆ ಹಾದು ಮಗ್ಗುಲಿಗೂ ತಿರುಗುತ್ತದೆ. ಬೀದಿಗೆ ಕಟ್ಟೆ, ಬಾಗಿಲು ದಾಟಿದರೆ ದನ ಕಟ್ಟುವ ಅಂಕಣ, ಅದಕ್ಕಿಂತ ಮೊಣಕಾಲೆತ್ತರಕ್ಕೆ ಪಡಸಾಲೆ, ಅದರ ಹಿಂದೆ ನಡುಮನೆ, ಕತ್ತಲಲ್ಲಿ ಅಡುಗೆಮನೆ. ಎತ್ತುಗಳ ಉಸಿರು, ರೊಟ್ಟಿ ಬಡಿಯುವ ಸಪ್ಪಳ, ವಿಭೂತಿಯ ವಾಸನೆ ಎಲ್ಲವೂ ಒಂದೇ ಗಾಳಿಯಲ್ಲಿ ಓಡಾಡುತ್ತಿದ್ದವು. ನಡುಮನೆಯಲ್ಲಿ ಕೂತು ಚಹಾ ಕುಡಿದು ಹೋದ ಬೀಗರಿಗೂ ತಾವು ಕೂತ ಜಾಗದ ಕೆಳಗೆ ಇನ್ನೊಂದು ಮನೆ ಇದೆ ಎಂದು ಗೊತ್ತಾಗುತ್ತಿರಲಿಲ್ಲ. ಮೂಲೆಯ ಹಲಗೆ ಎತ್ತಿದರೆ ಕಲ್ಲಿನ ಮೆಟ್ಟಿಲು. ಇಳಿದರೆ ನಡುಮನೆಯಷ್ಟೇ ಅಗಲದ ನೆಲಮನೆ. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಸಗಣಿ ಸಾರಿಸಿದ ನೆಲ, ಬೀದಿ ಕಡೆಯ ಗೋಡೆಯ ಮೇಲ್ಭಾಗದಲ್ಲಿ ಅಂಗೈ ಹಿಡಿಸುವಷ್ಟು ಬೆಳಕಿಂಡಿ. ಆ ಕಿಂಡಿಯಿಂದ ಮಧ್ಯಾಹ್ನ ಒಂದು ಬೆಳಕಿನ ಕೋಲು ಒಳಗೆ ಇಳಿಯುತ್ತಿತ್ತು. ಅದರಲ್ಲಿ ಜೋಳದ ಧೂಳು ತೇಲುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ವರ್ಷದ ಜೋಳ ಅಲ್ಲಿ. ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಗಳಲ್ಲಿ ಬಾಯಿ ಕಟ್ಟಿಟ್ಟ ಬೀಜದ ಕಾಳು ಅಲ್ಲಿ. ಬೆಲ್ಲದ ಪೆಂಟೆ ಅಲ್ಲಿ. ಮತ್ತು ಗೋಡೆಗೆ ತಾಗಿಸಿ, ನಾಲ್ಕು ಕಲ್ಲಿನ ಮೇಲೆ ಇಟ್ಟ ಅತ್ತೆಯ ಟ್ರಂಕು.

ಆ ಟ್ರಂಕಿನ ಸಂಗತಿ ಇಷ್ಟೇ. ಅತ್ತೆಯನ್ನು ಕಿತ್ತೂರಿನ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನ ಅವಳು ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದಳು. ತವರಿನಲ್ಲಿ ಆಗಲೇ ತಮ್ಮನ ಸಂಸಾರ ಕೂತಿತ್ತು. ಯಾರೂ ಬೇಡ ಎನ್ನಲಿಲ್ಲ. ಆದರೆ ಪಡಸಾಲೆ ಅಪ್ಪನದು, ಅಡುಗೆಮನೆ ಅವ್ವನದು, ಕಟ್ಟೆ ಬಂದುಹೋಗುವವರದು. ಹಾಗಾಗಿ ಟ್ರಂಕು ಕೆಳಗೆ ಇಳಿಯಿತು, ಹಲಗೆಯ ಮೇಲೆ ಅತ್ತೆಯ ಕೌದಿ ಬಿತ್ತು. ನಾನು ಹುಟ್ಟುವ ಹೊತ್ತಿಗೆ ಇದು ಮನೆಯ ಕಂಬಗಳಷ್ಟೇ ಹಳೆಯ ಸಂಗತಿ ಆಗಿತ್ತು. ನನ್ನನ್ನು ಅವಳ ಮಗ್ಗುಲಲ್ಲಿ ಮಲಗಿಸುತ್ತಿದ್ದರು. ಹಲಗೆಯ ಸಂದಿಯಿಂದ ಬರುವ ತಣ್ಣನೆಯ ಜೋಳದ ವಾಸನೆಯನ್ನು ನಾನು ಬಹಳ ದಿನ ಅತ್ತೆಯ ಮೈಯ ವಾಸನೆ ಎಂದೇ ತಿಳಿದಿದ್ದೆ.

ನೆಲಮನೆಗೆ ತನ್ನದೇ ಕಟ್ಟಳೆಗಳಿದ್ದವು. ಚಪ್ಪಲಿ ಮೆಟ್ಟಿ ಯಾರೂ ಇಳಿಯುವಂತಿಲ್ಲ. ದೇವರ ಕೋಣೆಯಂತೆ ಮಡಿ ಎಂದಲ್ಲ. ನೀರು ಬರುವ ಸುದ್ದಿ ಮೊದಲು ಮುಟ್ಟುವುದು ಅಂಗಾಲಿಗೆ, ಅದಕ್ಕೆ. ಮುಂಗಾರಿನ ಮಿರಗದ ಮಳೆ ಹಿಡಿಯುವ ಮೊದಲು ಅತ್ತೆ ನಾಲ್ಕು ಮೂಲೆಗೂ ಒಂದೊಂದು ಹಿಡಿ ಹರಳುಪ್ಪಿನ ಗುಡ್ಡೆ ಇಡುತ್ತಿದ್ದಳು. ಗೋಡೆಯ ಹಿಂದೆ ತೇವ ಕೂತರೆ ಕಣ್ಣಿಗೆ ಕಾಣುವ ಮೊದಲೇ ಆ ಮೂಲೆಯ ಉಪ್ಪು ಬೆವರುತ್ತದೆ. ಅತ್ತೆ ಅದಕ್ಕೆ "ಉಪ್ಪ ಅಳಾಕತ್ತೈತಿ" ಎನ್ನುತ್ತಿದ್ದಳು. ಇನ್ನೊಂದು ಕಟ್ಟಳೆಯನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ: ಗಂಡಸರು ಕೆಳಗೆ ಇಳಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಚೀಲವನ್ನು ಹಲಗೆಯ ತನಕ ತಂದು ಬಿಚ್ಚುವುದು ಅವರ ಕೆಲಸ. ಬುಟ್ಟಿ ಬುಟ್ಟಿ ಇಳಿಸಿ ಒಟ್ಟುವುದು ಅವ್ವ, ಅತ್ತೆಯರ ಕೆಲಸ. ಮಳೆ ಜೋರಾಗಿ ಹೊಡೆದ ಮರುದಿನ ಬೆಳಿಗ್ಗೆ ಅಪ್ಪ ಬಾಯಿ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಲಗೆಯ ಹತ್ತಿರ ನಿಂತು ಕೆಳಗೆ ಕೂಗುತ್ತಿದ್ದ:

"ಏನಂತೈತಿ?"

ಕೆಳಗಿನಿಂದ ಅತ್ತೆಯ ದನಿ ಬರುತ್ತಿತ್ತು:

"ತಂಪು ಐತಿ, ಹಸಿ ಇಲ್ಲ."

ಅಷ್ಟು ಕೇಳಿದ ಮೇಲೆಯೇ ಅಪ್ಪ ಚಹಾ ಕುಡಿಯುತ್ತಿದ್ದ. ಕೆಳಗೆ ಇಳಿಯದ ಮನುಷ್ಯನಿಗೆ ಕೆಳಗಿನದರ ಮೇಲೆ ಎಷ್ಟು ಭರವಸೆ ಇತ್ತೆಂದರೆ, ಆ ಮಾತು ಸರಿಯೋ ತಪ್ಪೋ ಎಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ. ನೆಲಮನೆಯ ಜೋಳದ ರೊಟ್ಟಿಗೆ ಬೇರೆಯದೇ ರುಚಿ. ತುಸು ಹುಳಿ, ತುಸು ಮಣ್ಣು. ಅಗಸಿ ಚಟ್ನಿ, ಮೇಲೆ ಹಸಿ ಉಳ್ಳಾಗಡ್ಡಿ ಇದ್ದರೆ ಅಪ್ಪ ಇನ್ನೇನೂ ಕೇಳುತ್ತಿರಲಿಲ್ಲ. ಗಂಡಸರು ಉಂಡ ಮೇಲೆ ಅವ್ವ ನನ್ನನ್ನು, ಈರಣ್ಣನನ್ನು ಕೂಡಿಸಿಕೊಂಡು ಉಣ್ಣುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಅತ್ತೆ ನೆಲಮನೆಯ ಮೇಲಿನ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು, ತಾಟು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಅಲ್ಲಿ ಯಾಕೆ ಕೂಡುತ್ತೀ ಎಂದು ಒಮ್ಮೆ ಕೇಳಿದ್ದೆ.

"ಇಲ್ಲಿ ಯಾರೂ 'ಅತ್ತಾಗ ಸರಿ' ಅನ್ನಂಗಿಲ್ಲವಾ," ಅಂದಳು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ರಸ್ತೆಗೆ ಗರಸು ಬಿತ್ತು. ಕೆಂಪು ಗರಸು ಹಾಕಿ ರಸ್ತೆಯನ್ನು ಮೊಳದಷ್ಟು ಎತ್ತರ ಮಾಡಿದರು. ಊರೆಲ್ಲ ಖುಷಿ. ಕೆಸರಿನಲ್ಲಿ ಬಂಡಿ ಹೂಳುವುದು ತಪ್ಪಿತಲ್ಲ. ಆದರೆ ಮೊದಲು ನೀರು ನಮ್ಮ ಎದುರುಮನೆಯ ರುದ್ರಪ್ಪ ಕಾಕಾನ ಹಿತ್ತಿಲ ಬದಿಯಿಂದ ಇಳಿದು ಹಳ್ಳ ಸೇರುತ್ತಿತ್ತು. ಈಗ ಗಟಾರವನ್ನು ನಮ್ಮ ಗೋಡೆಯ ಕಡೆ ತೋಡಿದರು. ರುದ್ರಪ್ಪ ಕಾಕಾ ಓಣಿಗೆ ಹಿರಿಯ, ನಾಲ್ಕು ಮಂದಿ ಕೇಳುವ ಮಾತಿನವನು. ರಸ್ತೆ ಮಾಡುವವರಿಗೆ ದಿನಾ ಚಹಾ ಹೋಗುತ್ತಿದ್ದದ್ದು ಅವನ ಮನೆಯಿಂದ. ನಮ್ಮ ಕಡೆ ಇಳಿಜಾರು ಇರಲಿಲ್ಲ. ನೀರು ಹರಿಯಲಿಲ್ಲ, ನಿಂತಿತು. ಅತ್ತೆ ಅಪ್ಪನಿಗೆ ಹೇಳಿದಳು:

"ತಮ್ಮಾ, ಬೀದಿಕಡೀ ಮೂಲ್ಯಾಗಿನ ಉಪ್ಪ ಅಳಾಕತ್ತೈತಿ."

"ಮಳಿಗಾಲದಾಗ ಉಪ್ಪ ಅಳದ ನಗತೈತೇನಕ್ಕಾ?" ಎಂದು ಅಪ್ಪ ತಾನೇ ನಕ್ಕ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅತ್ತೆಗಿಂತ ಮೊದಲು ಅವ್ವ ಕೆಳಗೆ ಇಳಿದಿದ್ದಳು, ಪೂಜೆಗೆ ಬೆಲ್ಲ ತರಲು. ಕೊನೆಯ ಮೆಟ್ಟಿಲಲ್ಲಿ ಅವಳ ಕಾಲು ನೀರಿಗೆ ಬಿತ್ತು. ಬೀದಿ ಕಡೆಯ ಗೋಡೆಯ ಬುಡದಿಂದ ತಿಳಿನೀರು ಜಿನುಗಿ, ನೆಲದ ತುಂಬ ಹರಡಿ, ಬೆಳಕಿಂಡಿಯ ಬೆಳಕಿಗೆ ಹೊಳೆಯುತ್ತಿತ್ತು. ಅವ್ವ ಹೆದರಿ ಕೂಗಲಿಲ್ಲ. ಕೈಮುಗಿದು ನಿಂತಳು. ಶ್ರಾವಣ ಸೋಮವಾರ, ಮನೆಯ ಹೊಟ್ಟೆಯೊಳಗೆ ತಾನಾಗಿ ಹುಟ್ಟಿದ ನೀರು. ಅವಳಿಗೆ ಬೇರೆ ಯಾವ ವಿಚಾರವೂ ಹೊಳೆಯಲಿಲ್ಲ. ಸುದ್ದಿ ಓಣಿಗೆ ಮುಟ್ಟಿತು. ರುದ್ರಪ್ಪ ಕಾಕಾ ಬಂದ, ಹಲಗೆಯ ಹತ್ತಿರ ನಿಂತು ಇಣುಕಿದ, ಟೊಪ್ಪಿಗೆ ತೆಗೆದು ನಮಸ್ಕಾರ ಮಾಡಿದ.

"ಬಸಪ್ಪಾ, ನಿನ್ನ ಪುಣ್ಯಾ ದೊಡ್ಡದಪ. ಗಂಗವ್ವ ನಡಕೋತ ಮನಿಗೆ ಬಂದಾಳ. ಮುಟ್ಟಬ್ಯಾಡ್ರಿ, ಬಳದ ಚೆಲ್ಲಬ್ಯಾಡ್ರಿ. ಹಂಗ ಇರ್ಲಿ."

ಅಪ್ಪನ ಎದೆ ಉಬ್ಬಿತು. ಬೀಜದ ಗಡಿಗೆಗಳನ್ನು, ಜೋಳವನ್ನು ಅವಸರದಿಂದ ಮೇಲೆ ಎತ್ತಿ ಪಡಸಾಲೆಯಲ್ಲಿ ಒಟ್ಟಿದರು. ಓಣಿಯ ಹೆಣ್ಣುಮಕ್ಕಳು ಅರಿಷಿಣ ಕುಂಕುಮ, ಹಸಿರು ಬಳೆ, ಕುಪ್ಪಸದ ಕಣ ಹಿಡಿದು ಬಂದರು. ಗಂಗವ್ವನಿಗೆ ಉಡಿ ತುಂಬಿ ಹಾಡು ಹೇಳಿದರು. ನನಗೂ ಈರಣ್ಣನಿಗೂ ಸಾಲಿಯಲ್ಲಿ ಎಲ್ಲಿಲ್ಲದ ಮಾನ. "ನಿಮ್ಮ ಮನ್ಯಾಗ ಗಂಗವ್ವ ಅದಾಳಂತಲ್ಲ" ಎಂದು ಹುಡುಗಿಯರು ನನ್ನ ಕೈ ಹಿಡಿದು ಕೇಳುತ್ತಿದ್ದರು. ನೀರು ಒಂದು ಮೆಟ್ಟಿಲು ನುಂಗಿತು, ಇನ್ನೊಂದು ನುಂಗಿತು. ಹೂವು, ಬಳೆ, ಕುಂಕುಮ ತೇಲುವ ಆ ನೀರಿನಲ್ಲಿ ಅತ್ತೆಯ ಟ್ರಂಕು ಕಲ್ಲುಗಳ ಮೇಲಿದ್ದರೂ ತಳಮಟ್ಟ ನೆನೆದಿತ್ತು. ಅದನ್ನು ಎತ್ತಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಅತ್ತೆ ಅದನ್ನು ನೋಡುತ್ತಿರಲಿಲ್ಲ. ಅವಳು ಗೋಡೆಯನ್ನು ನೋಡುತ್ತಿದ್ದಳು. ಕಲ್ಲುಗಳ ನಡುವಿನ ಮಣ್ಣು ಉಬ್ಬಿ, ಮೆತ್ತಗಾಗಿ, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಆ ಗೋಡೆಯ ತಲೆಯ ಮೇಲೆಯೇ ನಡುಮನೆಯ ಕಂಬ ನಿಂತದ್ದು. ಗೋಡೆ ಕುಸಿದರೆ ಕಂಬ, ಕಂಬ ಹೋದರೆ ಮಾಳಿಗೆ, ಮಾಳಿಗೆಯ ಕೆಳಗೆ ನಾವೆಲ್ಲ.

ಮುಂದಿನ ಸೋಮವಾರ ಮತ್ತೆ ಮಂದಿ ಕೂಡಿದಾಗ ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಕೆಳಗೆ ಇಳಿದಳು. ಹಾಡು ನಿಂತಿತು. ತಂಬಿಗೆ ತುಂಬ ಆ ನೀರು ತುಂಬಿಕೊಂಡು ಮೇಲೆ ಬಂದು ರುದ್ರಪ್ಪ ಕಾಕಾನ ಮುಂದೆ ನಿಂತಳು.

"ಅಣ್ಣಾರ, ತೀರ್ಥ ತಗೋರಿ."

ಕಾಕಾ ತಂಬಿಗೆ ನೋಡಿದ, ಅತ್ತೆಯ ಮುಖ ನೋಡಿದ.

"ಇವತ್ತ ನಂದ ಒಪ್ಪತ್ತ ಐತಿ ನೀಲವ್ವಾ."

"ತೀರ್ಥಕ್ಕ ಒಪ್ಪತ್ತ ಅಡ್ಡ ಬರೂದು ಯಾವ ಊರಾಗ ಐತ್ರಿ? ಕೈ ಒಡ್ಡರಿ."

"ಹೇಳಿದ್ನೆಲ್ಲ, ಸಂಜೀಕ ತಗೋತೇನಿ."

"ಸಂಜೀಕ ಗಂಗವ್ವ ಬ್ಯಾರೆ ಆಗ್ತಾಳೇನ್ರಿ?"

ಒಬ್ಬ ಹೆಣ್ಣುಮಗಳು ಸೆರಗಿನ ಮರೆಯಲ್ಲಿ ಕಿಸಕ್ಕೆಂದಳು. ಅತ್ತೆ ತಂಬಿಗೆಯನ್ನು ಅಪ್ಪನ ಕಡೆ ಹಿಡಿದಳು. ಅಪ್ಪ ಎತ್ತುಗಳಿಗೆ ಮೇವು ಹಾಕುವುದು ಆಗಲೇ ನೆನಪಾದವನಂತೆ ಅಂಕಣದ ಕಡೆ ತಿರುಗಿದ. ಆಗ ಅವ್ವ ಮುಂದೆ ಬಂದಳು. ಅವ್ವ ನಿಜವಾಗಿ ನಂಬಿದವಳು. ಹಾಗಾಗಿ ಅಷ್ಟು ಮಂದಿಯಲ್ಲಿ ಅವಳೊಬ್ಬಳೇ ಕೈ ಒಡ್ಡಿದಳು. ಅಂಗೈಯ ನೀರನ್ನು ಕಣ್ಣಿಗೆ ಒತ್ತಿಕೊಂಡು ತುಟಿಯ ತನಕ ತಂದಳು. ಅಲ್ಲಿ ಅವಳ ಕೈ ನಿಂತಿತು. ಮೂಗು ಅರಳಿತು. ಸಗಣಿ, ಬೀದಿಯ ಮಣ್ಣು, ಬಟ್ಟೆ ಒಗೆದ ಸೋಡಾ ಎಲ್ಲ ಕೂಡಿದ ಆ ವಾಸನೆ ಅವಳಿಗೆ ಗುರುತಿನದೇ. ಅವ್ವ ಕೈ ಝಾಡಿಸಿದಳು. ಅವಳ ಮುಖದಲ್ಲಿ ನಾಚಿಕೆ ಬಂತು, ಅದರ ಹಿಂದೆಯೇ ಸಿಟ್ಟು.

"ಅಕ್ಕಾರ, ಇದು ನಮ್ಮ ಬಚ್ಚಲ ನೀರ್ರಿ!"

"ನಮ್ಮದೊಂದ ಅಲ್ಲ ಪಾರವ್ವಾ. ಇಡೀ ಓಣೀದು," ಅಂದಳು ಅತ್ತೆ.

ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಹಿತ್ತಿಲಿಗೆ ಹೋಗಿ ಎರಡು ಬಕೀಟು ತಂದಳು. ಉಡಿ ತುಂಬಲು ಬಂದಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಮುಖ ತಿರುಗಿಸಿ ಮನೆಗೆ ಹೋದರು. ಉಳಿದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಕೆಳಗಿನಿಂದ ಕೊಡ ಮೇಲೆ ಬಂತು, ಖಾಲಿ ಕೊಡ ಕೆಳಗೆ ಹೋಯಿತು. ಹೂವು, ಬಳೆಗಳನ್ನು ಅತ್ತೆ ಜರಡಿಯಲ್ಲಿ ಹಿಡಿದು ಬೇರೆ ಇಟ್ಟಳು. ನಂಬಿ ಕೊಟ್ಟದ್ದನ್ನು ಗಟಾರಕ್ಕೆ ಹಾಕಬಾರದು ಎಂದಳು. ದೇವರನ್ನು ಬಳಿದು ಚೆಲ್ಲಿದ ಪಾಪ ತಟ್ಟೀತೆಂದು ಯಾರೋ ಅಳುಕಿದಾಗ ಅವಳು ಹೇಳಿದ್ದು ನನಗೆ ಇಂದಿಗೂ ಬಾಯಿಪಾಠ:

"ಗಂಗವ್ವ ಇದ್ರ ತನ್ನ ಹಾದಿ ಹಿಡದ ಹೊಳಿಗೆ ಹೋಗ್ತಾಳ. ಗಟಾರ ಇದ್ರ ಗಟಾರಿಗೆ ಹೋಗ್ತೈತಿ. ನಾವೇನ ಆಕೀನ ಹಿಡದ ಇಟ್ಟೇವೇನ?"

ಆ ದಿನ ಸಂಜೆ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಮಾತು ತೆಗೆದ. ಬಳಿದ ನೀರು ನಾಳೆ ಮತ್ತೆ ಬರುತ್ತದೆ. ರುದ್ರಪ್ಪನ ಜೋಡಿ ಎದುರು ಹಾಕಿಕೊಂಡು ಓಣಿಯಲ್ಲಿ ಬಾಳುವುದಾಗುವುದಿಲ್ಲ. ಈಗ ಜೋಳವಂತೂ ಮೇಲೆ ಬಂದಿದೆ. ನಾಲ್ಕು ಬಂಡಿ ಮಣ್ಣು ತಂದು ನೆಲಮನೆ ಮುಚ್ಚಿಬಿಟ್ಟರೆ ಎಲ್ಲರಿಗೂ ನೆಮ್ಮದಿ.

"ಎಲ್ಲಾರಿಗೂ ಅಂದ್ರ ಯಾರ್‍ಯಾರಿಗೆ?" ಅತ್ತೆ ಹಲಗೆಯ ಮೇಲೆ ಕೂತಿದ್ದಳು.

"ಹಟ ಹಿಡೀಬ್ಯಾಡಕ್ಕಾ. ಒಂದ ತಗ್ಗಿಗಾಗಿ ಊರ ಜೋಡಿ ಜಗಳೇನ?"

"ತಗ್ಗ ಅಂದೀ? ನಮ್ಮ ಅಪ್ಪ ಅದರಾಗಿನ ಜೋಳಾ ತಿನಿಸಿ ನಿನ್ನ ಬೆಳಿಸ್ಯಾನ. ಬರಾ ಬಿದ್ದಾಗ ಓಣೀಗೆಲ್ಲಾ ಅದರಾಗಿಂದ ಅಳದ ಕೊಟ್ಟಾನ. ರುದ್ರಪ್ಪನ ಮನೀಗೂ ಕೊಟ್ಟಾನ."

"ಈಗ ಬರಾ ಎಲ್ಲೈತಿ?"

"ಮುಚ್ಚೂದಾದ್ರ ಮುಚ್ಚಪಾ, ನಿನ್ನ ಮನಿ. ನಾ ಕೆಳಗ ಹೋಗಿ ನನ್ನ ಟ್ರಂಕಿನ ಮ್ಯಾಲ ಕುಂದರತೇನಿ. ನೀ ಮ್ಯಾಲಿಂದ ಮಣ್ಣ ಹಾಕು."

ಅಪ್ಪನ ಕೈಯಲ್ಲಿನ ತುತ್ತು ತಾಟಿಗೆ ಮರಳಿತು. ಒಲೆಯ ಮುಂದಿದ್ದ ಅವ್ವ ಎದ್ದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪಡಸಾಲೆಗೆ ಹೋಗದೆ ನೇರ ಹಲಗೆಯ ಕಡೆ ಬಂದು ಅತ್ತೆಯ ಮುಂದೆ ಇಟ್ಟಳು. ಗಂಡಸರು ಉಣ್ಣುತ್ತಿರುವಾಗ ಆ ಮನೆಯಲ್ಲಿ ಅತ್ತೆಗೆ ಬಡಿಸಿದ್ದು ಅದೇ ಮೊದಲು. ಅಪ್ಪ ಅದನ್ನು ನೋಡಿದ. ಅವ್ವ ಅಪ್ಪನ ಕಡೆ ನೋಡಲಿಲ್ಲ. "ಆರತೈತ್ರಿ ಅಕ್ಕಾರ, ಉಣ್ಣರಿ" ಎಂದಷ್ಟೇ ಅಂದಳು. ಮನೆಯಲ್ಲಿ ಯಾವುದು ಯಾರದು ಎಂಬುದು ಆವತ್ತು ಒಂದು ರೊಟ್ಟಿಯಷ್ಟು ಸರಿದು ಕೂತಿತು ಎಂದು ಈಗ ಅನಿಸುತ್ತದೆ. ಆಗ ನನಗೆ ಕಂಡದ್ದು ಬೆಣ್ಣೆ ಮಾತ್ರ. ನನಗೂ ಬೇಕೆಂದು ಹಟ ಮಾಡಿ ಅವ್ವನಿಂದ ಬೈಸಿಕೊಂಡೆ.

ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಅತ್ತೆ ಮತ್ತು ಅವ್ವ ಸಲಿಕೆ, ಗುದ್ದಲಿ ಹಿಡಿದು ಬೀದಿಗೆ ಇಳಿದರು. ಅತ್ತೆಯ ವಿಚಾರ ಸರಳ ಇತ್ತು. ನೀರನ್ನು ಒಳಗೆ ಕೂತು ತಡೆಯುವುದಲ್ಲ, ಗೋಡೆಗೆ ಮುಟ್ಟುವ ಮೊದಲೇ ಅದಕ್ಕೆ ಬೇರೆ ಹಾದಿ ತೋರಿಸಬೇಕು. ಮೊದಲು ರಸ್ತೆಯನ್ನು ಅಡ್ಡಕ್ಕೆ ಸೀಳಿ, ನಿಂತ ನೀರನ್ನು ಹಳೆಯ ಇಳಿಜಾರಿಗೆ, ಅಂದರೆ ರುದ್ರಪ್ಪ ಕಾಕಾನ ಹಿತ್ತಿಲ ಬದಿಗೆ ಬಿಡುವುದು. ಆಮೇಲೆ ಗೋಡೆಯ ಬುಡ ತೋಡಿ, ಹೆಗ್ಗಣದ ಬಿಲಗಳಿಗೆ ಕಲ್ಲು ಜಡಿದು, ಗಟ್ಟಿ ಮಣ್ಣು ತುಂಬಿ ಬಡಿದು, ಬೀದಿಯ ಕಡೆ ಇಳಿಜಾರಾಗಿ ದಿಂಡು ಕಟ್ಟುವುದು. ಎರೆಮಣ್ಣು ನಡೆಯುವುದಿಲ್ಲ, ಬೇಸಿಗೆಗೆ ಬಾಯಿಬಿಡುತ್ತದೆ. ಮಾಳಿಗೆ ಸೋರಿದರೆ ಮೆತ್ತಲು ಹಿತ್ತಿಲಲ್ಲಿ ಸವಳು ಮಣ್ಣಿನ ಗುಡ್ಡೆ ಇತ್ತು. ನೀರು ಇಳಿಯಗೊಡದ ಮಣ್ಣು ಅದು. ಅದನ್ನು ಮಾಳಿಗೆಗೇ ಹಾಕುವುದು ಊರ ರೂಢಿ. ಅತ್ತೆ ಅದನ್ನು ಬುಟ್ಟಿ ತುಂಬಿ ಬೀದಿಗೆ ತಂದಳು. ಮಣ್ಣು ತುಳಿಯಲು ನನ್ನನ್ನು ಕರೆದಳು. ನಾನು ಲಂಗ ಎತ್ತಿ ಕಟ್ಟಿ ತುಳಿದೆ. ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ನೋಡಿದರು. ಹೊಲಮನೆ ಇದ್ದವರ ಮನೆಯ ಹೆಂಗಸರು ನಡುಬೀದಿಯಲ್ಲಿ ಗುದ್ದಲಿ ಹಿಡಿದದ್ದು ಅವರಿಗೆ ಜಾತ್ರೆಗಿಂತ ಹೆಚ್ಚಿನ ನೋಟ. ರುದ್ರಪ್ಪ ಕಾಕಾ ಬಡಿಗೆ ಊರಿಕೊಂಡು ಬಂದ.

"ಏನ ನಡದೈತಿದು? ಹೆಂಗಸ್ರು ರಸ್ತೇ ಅಗ್ಯಾಕತ್ತೀರಿ!"

"ಹೆಂಗಸ್ರು ಹೊಲಾ ಅಗದ್ರ ನಡೀತೈತಿ. ರಸ್ತೇ ಅಗದ್ರ ಯಾಕ ನಡ್ಯಾಂಗಿಲ್ರಿ?"

"ನನ್ನ ಹಿತ್ತಲಿಗೆ ನೀರ ಬಿಡಾಕತ್ತೀ ನೀನು!"

"ಮೊದಲ ಎಲ್ಲಿ ಹೋಗ್ತಿತ್ತೋ ಅಲ್ಲೇ ಬಿಡಾಕತ್ತೇನಿ. ಗಂಗವ್ವ ಅಂತ ನೀವ ಹೇಳಿದ್ರೆಲ್ಲ, ನಿಮಗೂ ಒಂದೀಟ ಪುಣ್ಯಾ ಬರ್ಲಿ."

ಕಟ್ಟೆಯ ಮೇಲಿದ್ದವರು ನಕ್ಕುಬಿಟ್ಟರು. ನಗು ಕಾಕಾನಿಗೆ ನಾಟಿತು. ಅವನು ನಾಟುವ ಮಾತನ್ನೇ ಆರಿಸಿ ಹೇಳಿದ.

"ಗಂಡನ ಮನೀ ಬಾಳ್ವೆ ಉಳಿಸ್ಕೊಳ್ಳಾಕ ಆಗಲಿಲ್ಲ, ತಮ್ಮನ ನೆಲಮನೀ ಉಳಿಸಾಕ ನಿಂತಾಳ."

ಅವ್ವನ ಗುದ್ದಲಿ ನಿಂತಿತು. ನಾನು ಅತ್ತೆಯ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೆಸರಿನ ಕೈಯಿಂದ ಹಣೆಯ ಕೂದಲು ಹಿಂದೆ ಸರಿಸಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ದನಿ ಏರಿಸದೆ ಹೇಳಿದಳು:

"ಹೌದ್ರಿ. ಅದು ನನ್ನ ಕೈಯಾಗ ಇರಲಿಲ್ಲ. ಇದು ಐತಿ."

ಹೇಳಿ ಬಗ್ಗಿ ಮತ್ತೆ ಅಗೆಯತೊಡಗಿದಳು. ನಾನು ಹೆಣ್ಣಾಗಿ ಏನು ಕಲಿತಿದ್ದೇನೋ ಅದರಲ್ಲಿ ಹೆಚ್ಚಿನದನ್ನು ಆ ಹೊತ್ತಿನಲ್ಲಿ, ಮೊಣಕಾಲ ತನಕ ಸವಳು ಮಣ್ಣಿನಲ್ಲಿ ನಿಂತು ಕಲಿತೆ. ಮುಂದೆ ನನಗೂ ಮಾತು ಕೇಳುವ ದಿನ ಬಂದವು. ಆಗೆಲ್ಲ ನಾನು ಅಳುವ ಮೊದಲು ಒಂದು ಲೆಕ್ಕ ಹಾಕಿದ್ದೇನೆ: ಇದು ನನ್ನ ಕೈಯಲ್ಲಿ ಇದೆಯೋ ಇಲ್ಲವೋ. ಇದ್ದರೆ ಬಗ್ಗಿ ಅಗೆಯುವುದು. ಇಲ್ಲದಿದ್ದರೆ ಟ್ರಂಕು ಎತ್ತುವುದು.

ರಸ್ತೆಗೆ ಬಿದ್ದ ಆ ಸೀಳನ್ನು ಯಾರೂ ಮುಚ್ಚಲಿಲ್ಲ. ಮೇಲೆ ಕಲ್ಲಿನ ಹಾಸು ಇಟ್ಟು ಬಂಡಿ ದಾಟಿಸಿದರು. ಗೋಡೆ ಒಣಗಿತು. ದೀಪಾವಳಿಗೆ ಮುಂಚೆ ಅತ್ತೆ ನೆಲಮನೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿ, ಹೊಸದಾಗಿ ಸಾರಿಸಿ, ಜೋಳವನ್ನು ಮತ್ತೆ ಇಳಿಸಿದಳು. ಆದರೆ ಗೋಡೆಗೆ ಹೋದ ಮಣ್ಣು ಮಾಳಿಗೆಗೆ ಸಿಗಲಿಲ್ಲ. ಆ ವರ್ಷ ಮಾಳಿಗೆ ಸೋರಿತು, ಅದೂ ಸರಿಯಾಗಿ ಅಪ್ಪನ ಹಾಸಿಗೆಯ ಮೇಲೆ. ಅಪ್ಪ ತಲೆಗೆ ಚೀಲ ಹೊದ್ದುಕೊಂಡು ಗೊಣಗಿದರೆ ಅತ್ತೆ ಒಂದು ಬೋಗೋಣಿ ತಂದು ಅವನ ಎದೆಯ ಮೇಲೆ ಇಟ್ಟಂತೆ ಮಾಡಿ ಹಾಸಿಗೆಯ ಮಗ್ಗುಲಲ್ಲಿ ಇಟ್ಟಳು.

"ಮ್ಯಾಲಿನ ನೀರಿಗೆ ಬೋಗೋಣಿ ಇಡಾಕ ಬರ್ತೈತಿ ತಮ್ಮಾ. ಕೆಳಗಿನ ನೀರಿಗೆ ಏನ ಇಡತಿ?"

ಅಪ್ಪ ನಗಬಾರದೆಂದು ಬಹಳ ಹೊತ್ತು ತಡೆದುಕೊಂಡು ಕೊನೆಗೆ ನಕ್ಕ. ಮರುದಿನ ಬೆಳಿಗ್ಗೆ ಹಲಗೆಯ ಹತ್ತಿರ ನಿಂತು ಎಂದಿನಂತೆ ಕೂಗಿದ. ಕೆಳಗಿನಿಂದ ಎಂದಿನ ಉತ್ತರ ಬಂತು. ಅವನು ಸಾಯುವ ತನಕ ಕೂಗಿದ, ಸಾಯುವ ತನಕ ಇಳಿಯಲಿಲ್ಲ.

ಅಪ್ಪ ಹೋದ, ಅವ್ವ ಹೋದಳು. ಅತ್ತೆ ಉಳಿದಳು. ಗರಸಿನ ರಸ್ತೆ ಡಾಂಬರಾಯಿತು, ಡಾಂಬರಿನ ಮೇಲೆ ಕಾಂಕ್ರೀಟ್ ಬಂತು. ಪ್ರತಿ ಸಲವೂ ರಸ್ತೆ ಮೇಲೆ ಎದ್ದಿತು, ಮನೆ ಕೆಳಗೆ ಹೋಯಿತು. ಈಗ ನಮ್ಮ ಕಟ್ಟೆ ರಸ್ತೆಗೆ ಸಮ. ಬೆಳಕಿಂಡಿಯ ಮುಂದೆ ಅತ್ತೆ ಇಟ್ಟಿಗೆಯ ಒಡ್ಡು ಕಟ್ಟಿಸಿದ್ದಳು, ನೀರು ಬಾರದೆ ಬೆಳಕು ಬರುವಂತೆ. ಕಳೆದ ಮಳೆಗಾಲದಲ್ಲಿ ಅವಳ ಮೊಣಕಾಲು ಪೂರಾ ಸೋತಿದ್ದವು. ನಾನು ಸವದತ್ತಿಯಿಂದ ಬಂದಾಗ ಹಾಸಿಗೆಯಿಂದಲೇ ನನ್ನನ್ನು ಕೆಳಗೆ ಕಳಿಸಿದಳು. ನಾನು ಇಳಿದು, ನಡೆದಾಡಿ, ಮೇಲೆ ಬಂದು ವರದಿ ಒಪ್ಪಿಸಿದೆ. "ಎಡಗಾಲ ಇಟ್ಟ ನೋಡಿದೆಲ್ಲ? ಬಲಗಾಲಿಗೆ ತಿಳ್ಯಾಂಗಿಲ್ಲ, ಅದು ಅವಸರದ್ದು" ಅಂದಳು. ಅದೇ ಅವಳು ನನಗೆ ಕೊಟ್ಟ ಕೊನೆಯ ಪಾಠ. ಈ ಬೇಸಿಗೆ ಮುಗಿಯುವ ಮೊದಲೇ ಹೋದಳು.

ಅತ್ತೆಯ ಹೆಸರಿನ ಶಿವಗಣಾರಾಧನೆ ಮುಗಿದ ಮೇಲೂ ನಾನು ಸವದತ್ತಿಗೆ ಹೋಗದೆ ನಿಂತೆ. ಈರಣ್ಣನಿಗೆ ಯಾಕೆಂದು ತಿಳಿಯಲಿಲ್ಲ. ಒಂದು ಬೆಳಿಗ್ಗೆ ಕೆರೆಯ ಮಣ್ಣು ತುಂಬಿದ ಟ್ರ್ಯಾಕ್ಟರ್ ಬಂದು ಬಾಗಿಲ ಮುಂದೆ ನಿಂತಿತು. ಹಲಗೆ ಆಗಲೇ ತೆಗೆದು ಗೋಡೆಗೆ ಆನಿಸಿದ್ದ. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಈರಣ್ಣಾ, ಮಣ್ಣ ಒಳಗ ಬರಂಗಿಲ್ಲ."

"ಅಕ್ಕಾ, ಹುಚ್ಚೇನ ನಿನಗ? ಅತ್ತಿ ಇದ್ಲು ಅಂತ ಇಷ್ಟ ದಿನಾ ಸುಮ್ಮನಿದ್ದೆ. ಇನ್ನ ಅದರಾಗ ಏನೈತಿ?"

"ನಿನ್ನ ಮನಿ ಅದರ ಮ್ಯಾಲ ನಿಂತೈತಿ. ಮಣ್ಣ ತುಂಬಿದ್ರ ನೀರ ಬರೂದ ಬಿಡತೈತೇನ? ಮೊದಲ ಕಣ್ಣಿಗೆ ಕಾಣತಿತ್ತು, ಇನ್ನ ಕಾಣಂಗಿಲ್ಲ. ಟೈಲ್ಸ್ ಕೆಳಗ ಕುಂತು ಗ್ವಾಡಿ ತಿಂತೈತಿ."

"ಹಂಗಾದ್ರ ವರ್ಷಾ ವರ್ಷಾ ಬಳ್ಯಾವ್ರ ಯಾರ? ನೀ ಸವದತ್ತಿಯಿಂದ ಬರ್ತೀಯೇನ?"

"ಬರ್ತೇನಿ."

"ಕೊಟ್ಟ ಹೆಣ್ಣಮಗಳು ತವರಮನ್ಯಾಗ ಬಂದು..." ಅಂದವನು ಅಲ್ಲೇ ತಡೆದ. ಆ ಮಾತಿನ ಉಳಿದ ಅರ್ಧ ಯಾರ ಬಾಯಿಂದ ಬಂದಿತ್ತೆಂಬುದು ಅವನಿಗೂ ನೆನಪಾಗಿರಬೇಕು. ಆವತ್ತು ಕಟ್ಟೆಯ ಮೇಲೆ ಅವನೂ ಕೂತಿದ್ದ, ಚಡ್ಡಿ ಹಾಕಿಕೊಂಡು, ಬಾಯಲ್ಲಿ ಬೆರಳಿಟ್ಟುಕೊಂಡು.

ಒಳಗಿನಿಂದ ಅವನ ಹೆಂಡತಿ ಶೋಭಾ ಮಾತು ಸೇರಿಸಿದಳು. "ಇರ್ಲಿ ಬಿಡ್ರಿ. ಬ್ಯಾಸಗ್ಯಾಗ ಕರೆಂಟ್ ಹೋದಾಗ ನಾ ಅಲ್ಲೇ ಮಲಗತಿದ್ದೆ, ಅತ್ತಿ ಜೋಡಿ. ನಿಮ್ಮ ಟೈಲ್ಸ್ ಮ್ಯಾಲ ನೀವ ಬೇಯ್ರಿ."

ಟ್ರ್ಯಾಕ್ಟರಿನವನು ಎಂಜಿನ್ ಬಂದ್ ಮಾಡದೆ ನಮ್ಮಿಬ್ಬರ ಮುಖ ನೋಡುತ್ತಿದ್ದ. "ಎಲ್ಲಿ ಸುರೂಲಿ, ಲಗೂ ಹೇಳ್ರಿ" ಅಂದ. ನಾನು ಬೀದಿ ಕಡೆಯ ಗೋಡೆಯ ಬುಡ ತೋರಿಸಿದೆ. ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಮೇಲೆದ್ದಿತು. ನೆಲಮನೆಯನ್ನು ಹೂಳಲು ಬಂದ ಮಣ್ಣೆಲ್ಲ ಅದರ ಗೋಡೆಗೆ ಹೊರಗಿನಿಂದ ಒತ್ತಾಗಿ ಬಿತ್ತು. ಆ ಮಣ್ಣನ್ನು ನಾನು ಮತ್ತು ಶೋಭಾ ಸವಳು ಬೆರೆಸಿ ತುಳಿದು, ಬಡಿದು ದಿಂಡು ಕಟ್ಟಿದೆವು. ಈರಣ್ಣ ಎರಡು ದಿನ ನಮ್ಮೊಡನೆ ಮಾತು ಬಿಟ್ಟ. ಮೂರನೆಯ ದಿನ ಯಾರೂ ಕೇಳದೆ ಬೆಳಕಿಂಡಿಯ ಒಡ್ಡಿಗೆ ಸಿಮೆಂಟು ಕಲಿಸಿದ. ಅತ್ತೆಯನ್ನು ಮಣ್ಣಿಗೆ ಕೊಟ್ಟೆವು, ಅದು ಆಗಬೇಕಾದದ್ದು. ಅವಳ ಮನೆಯನ್ನೂ ಕೊಡಬೇಕೆಂದು ಎಲ್ಲಿಯೂ ಇಲ್ಲ.

ಮಿರಗ ಹಿಡಿಯುವ ಮೊದಲು ನಾನು ಮತ್ತೆ ಬಂದೆ, ನಾಲ್ಕು ಮೂಲೆಗೆ ಉಪ್ಪು ಇಟ್ಟೆ. ಮಳೆ ಹೊಡೆದ ಮರುದಿನ ಬೆಳಿಗ್ಗೆ ಹಲಗೆ ಎತ್ತಿ ಇಳಿದೆ. ಕೊನೆಯ ಮೆಟ್ಟಿಲಿಂದ ಎಡಗಾಲನ್ನು ನೆಲಕ್ಕೆ ಇಟ್ಟು, ಕಣ್ಣು ಮುಚ್ಚಿ ನಿಂತೆ. ಜೋಳದ ವಾಸನೆ ಬಂತು. ಗೋಡೆಗೆ ತಾಗಿದ ಟ್ರಂಕು ಇದ್ದಲ್ಲೇ ಇತ್ತು. ಮೇಲೆ ಹಲಗೆಯ ಬಾಯಲ್ಲಿ ಕತ್ತಲು ಕವಿಯಿತು. ಈರಣ್ಣ ಬಂದು ನಿಂತಿದ್ದ. ನಿಂತ ಕಾಲು ಬದಲಿಸಿದ, ಕೆಮ್ಮಿದ. ಆಮೇಲೆ ಥೇಟ್ ಅಪ್ಪನ ದನಿಯಲ್ಲಿ ಕೇಳಿದ:

"ಏನಂತೈತಿ?"

ಅತ್ತೆಯ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಮ್ಯಾಲ ನಿಂತ ಕೇಳಬ್ಯಾಡ," ಅಂದೆ. "ಚಪ್ಪಲಿ ಬಿಟ್ಟು ಇಳದ ಬಾ."